ಡ್ರಮ್ಮರ್ ಹುಡುಗನ ಇನ್ನೊಂದು ಕೆಲಸ

ನನ್ನ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಅವಳ ಟೀಚರು ಒಂದು ಡಬ್ಬಿಯೊಳಗೆ ಚೀಟಿಗಳನ್ನು ಹಾಕಿ ಮಕ್ಕಳಿಂದ ಎತ್ತಿಸಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಒಬ್ಬೊಬ್ಬ ಮನುಷ್ಯನ ಬಗ್ಗೆ ಒಬ್ಬೊಬ್ಬರು ಪ್ರಾಜೆಕ್ಟ್ ಮಾಡಬೇಕಿತ್ತು. ಪಕ್ಕದ ಹುಡುಗನಿಗೆ ಜನರಲ್ ಬಂದ. ಅವಳ ಗೆಳತಿಗೆ ಗೂಢಚಾರಿಣಿ ಬಂದಳು. ನನ್ನ ಮಗಳಿಗೆ ಬಂದದ್ದು ಡ್ರಮ್ಮರ್ ಹುಡುಗ. ಮುಖ ಊದಿಸಿಕೊಂಡು ಮನೆಗೆ ಬಂದಳು. ಚೀಟಿ ಬದಲಾಯಿಸಿ ಕೊಡಿ ಎಂದು ಟೀಚರಿಗೆ ಇಮೇಲ್ ಬರೆಯಲೇ ಎಂದು ನಾನೇ ಕೇಳಿದ್ದೆ. ಬರೆದಿದ್ದರೆ ಮುಂದಿನ ಎರಡು ವರ್ಷದ ನನ್ನ ಶನಿವಾರಗಳು ನನಗೇ ಉಳಿಯುತ್ತಿದ್ದವು.

ಬರೆಯಲಿಲ್ಲ. ಲೈಬ್ರರಿಯಿಂದ ತಂದ ಪುಸ್ತಕಗಳನ್ನು ಅವಳು ನಾಲ್ಕು ದಿನದಲ್ಲಿ ಓದಿ ಮುಗಿಸಿ, ಊಟದ ಹೊತ್ತಿಗೆ ನಮಗೆ ಪಾಠ ಹೇಳತೊಡಗಿದಳು. ಹೊಗೆ ಮತ್ತು ಗುಂಡಿನ ಸದ್ದಿನ ನಡುವೆ ಅಧಿಕಾರಿಯ ಕೂಗು ಯಾರಿಗೂ ಕೇಳಿಸುತ್ತಿರಲಿಲ್ಲವಂತೆ, ಡ್ರಮ್ಮು ಕೇಳಿಸುತ್ತಿತ್ತಂತೆ. ಏಳು, ಸಾಲುಗಟ್ಟು, ನಡೆ, ಹಿಂದಕ್ಕೆ ಬಾ, ಎಲ್ಲಕ್ಕೂ ಒಂದೊಂದು ಬಡಿತ. ಬಾರಿಸುತ್ತಿದ್ದವರಲ್ಲಿ ದೊಡ್ಡವರೂ ಇದ್ದರು, ಹತ್ತು ಹನ್ನೆರಡು ವರ್ಷದವರೂ ಇದ್ದರು. ಕಾಳಗ ಮುಗಿದ ಮೇಲೆ ಗಾಯಗೊಂಡವರನ್ನು ಹೊತ್ತು ತರುವುದೂ ಅವರದೇ ಕೆಲಸ.

"ಅಷ್ಟು ಚಿಕ್ಕ ಮಕ್ಕಳನ್ನ ಯಾರು ಕಳಿಸ್ತಿದ್ರು?" ಎಂದು ನನ್ನ ಹೆಂಡತಿ ಕೇಳಿದಳು. ಅವಳು ಮೈಸೂರಿನವಳು, ಮಗಳನ್ನು ಬಸ್ ಸ್ಟಾಪಿಗೆ ಕಳಿಸಲೂ ಹಿಂದೆ ಮುಂದೆ ನೋಡುವವಳು.

"ದೇರ್ ಪೇರೆಂಟ್ಸ್," ಎಂದಳು ಮಗಳು, ಚಪಾತಿ ಮುರಿಯುತ್ತ.

ಪ್ರಾಜೆಕ್ಟ್ ಮುಗಿಯಿತು, ಹುಚ್ಚು ಮುಗಿಯಲಿಲ್ಲ. ನ್ಯೂಜೆರ್ಸಿಯಲ್ಲಿ ಆ ಯುದ್ಧದ ಕಾಲದ ಸೈನ್ಯದ ಬದುಕನ್ನು ವೇಷ ಕಟ್ಟಿ ತೋರಿಸುವ ಗುಂಪೊಂದಿದೆ, ಅದಕ್ಕೆ ಮಕ್ಕಳೂ ಸೇರಬಹುದು ಎಂದು ಅವಳೇ ಹುಡುಕಿ ತೆಗೆದಳು. ನಮ್ಮ ಮನೆ ಮ್ಯಾನ್‌ಹ್ಯಾಟನ್‌ನಿಂದ ಪೂರ್ವಕ್ಕಿರುವ ಫ್ಲೋರಲ್ ಪಾರ್ಕಿನಲ್ಲಿ. ಅವರ ತಾಲೀಮು ನಡೆಯುವುದು ನ್ಯೂಜೆರ್ಸಿಯ ನಡುಭಾಗದ ಒಂದು ಊರಿನಲ್ಲಿ. ಬೆಲ್ಟ್ ಪಾರ್ಕ್‌ವೇ ಹಿಡಿದು, ವೆರಾಜಾನೊ ಸೇತುವೆ ದಾಟಿ, ಸ್ಟೇಟನ್ ಐಲೆಂಡನ್ನು ಉದ್ದಕ್ಕೆ ಸೀಳಿಕೊಂಡು, ಇನ್ನೊಂದು ಸೇತುವೆ ದಾಟಿ ಟರ್ನ್‌ಪೈಕ್ ಹೆದ್ದಾರಿ ಸೇರಬೇಕು. ಟ್ರಾಫಿಕ್ ಇಲ್ಲದಿದ್ದರೆ ಒಂದೂಕಾಲು ಗಂಟೆ. ಟ್ರಾಫಿಕ್ ಇಲ್ಲದ ಶನಿವಾರವನ್ನು ನಾನು ಈವರೆಗೆ ನೋಡಿಲ್ಲ. ಬೆಲ್‌ರೋಸ್‌ನಲ್ಲಿ ಕರಾಟೆ ಕ್ಲಾಸಿದೆ, ಫ್ಲಶಿಂಗ್ ದೇವಸ್ಥಾನದ ಹತ್ತಿರ ಮೃದಂಗ ಹೇಳಿಕೊಡುವವರಿದ್ದಾರೆ, ಬಾರಿಸುವುದೇ ಆದರೆ ಅದನ್ನೇ ಬಾರಿಸು ಎಂದೆ. ಮೃದಂಗ ಬಾರಿಸಿದರೆ ಯಾರೂ ಸಾಲುಗಟ್ಟಿ ನಡೆಯುವುದಿಲ್ಲ ಎಂದಳು.

ಅಲ್ಲಿ ಡ್ರಮ್ ಕಲಿಸುತ್ತಿದ್ದವರು ಎಪ್ಪತ್ತರ ಹತ್ತಿರದ ಒಬ್ಬ ನಿವೃತ್ತ ಪ್ಲಂಬರ್. ದಪ್ಪ ಬೆರಳು, ಮೆಲ್ಲನೆಯ ಮಾತು. ಮೊದಲ ಮೂರು ತಿಂಗಳು ಡ್ರಮ್ ಮುಟ್ಟಲಿಕ್ಕೇ ಬಿಡಲಿಲ್ಲ. ಒಂದು ರಬ್ಬರ್ ಹಲಗೆಯ ಮೇಲೆ ಎಡ-ಎಡ-ಬಲ-ಬಲ ಎಂದು ಬಡಿಯುತ್ತ ಕೂರಬೇಕು, ಅಷ್ಟೇ. ನಮ್ಮ ಕೆಳಗಿನ ಮನೆಯಲ್ಲಿ ನೈಟ್ ಶಿಫ್ಟ್ ಮಾಡುವ ನರ್ಸ್ ಆಂಟಿ ಹಗಲು ಮಲಗುವವರು. ಅವರು ಎರಡು ಸಲ ಮೇಲೆ ಬಂದು ಬಹಳ ಮರ್ಯಾದೆಯಿಂದ ಕೇಳಿಕೊಂಡ ಮೇಲೆ ನಮ್ಮ ಕಾರು ಬೀದಿಯಲ್ಲಿ ನಿಂತಿತು, ರಬ್ಬರ್ ಹಲಗೆ ಗರಾಜಿಗೆ ಹೋಯಿತು. ಆ ಚಳಿಗಾಲವಿಡೀ ದಿನಾ ಬೆಳಿಗ್ಗೆ ಕಾರಿನ ಮೇಲಿನ ಹಿಮ ಕೆರೆಯುತ್ತ ನಾನು ಗರಾಜಿನ ಕಡೆ ನೋಡುತ್ತಿದ್ದೆ.

ಆಮೇಲೆ ಕೋಟು. ಗುಂಪಿನಲ್ಲಿ ಬಟ್ಟೆಬರೆ ನೋಡಿಕೊಳ್ಳುವ ಒಬ್ಬ ಹೆಂಗಸಿದ್ದರು. ಕುತ್ತಿಗೆಯಲ್ಲಿ ಸದಾ ಭೂತಗನ್ನಡಿ. ಆ ಕಾಲದಲ್ಲಿ ಇಲ್ಲದ್ದು ಏನೂ ಮೈಮೇಲೆ ಕಾಣಕೂಡದು ಎನ್ನುವುದು ಅವರ ವ್ರತ. ಕೈಗಡಿಯಾರ ಕೂಡದು, ಸ್ನೀಕರ್ಸ್ ಕೂಡದು, ಪ್ಲಾಸ್ಟಿಕ್ ನೀರಿನ ಬಾಟಲಿ ಕೂಡದು, ಉಗುರುಬಣ್ಣ ಕೂಡದು. ಹುಡುಗಿಯರು ಸೈನಿಕರ ಸಾಲಿಗೆ ಸೇರಬಹುದು, ಆದರೆ ನೋಡುವವರಿಗೆ ಹುಡುಗನೆಂದೇ ಕಾಣಬೇಕು. ನನ್ನ ಹೆಂಡತಿ ಎರಡು ವಾರ ಕೂತು ಮಿಷನ್ನಿನಲ್ಲಿ ಹೊಲಿದ ಉಣ್ಣೆಯ ಕೋಟನ್ನು ಆಕೆ ಭೂತಗನ್ನಡಿಯಲ್ಲಿ ನೋಡಿ, ಹೊಲಿಗೆ ಚೆನ್ನಾಗಿದೆ, ಬಿಚ್ಚಿ ಕೈಯಲ್ಲಿ ಹೊಲಿಯಿರಿ ಎಂದರು.

ಮನೆಗೆ ಬಂದು ನನ್ನ ಹೆಂಡತಿ ಕೋಟನ್ನು ನನ್ನ ತೊಡೆಯ ಮೇಲೆ ಹಾಕಿದಳು. "ರೀ, ಇನ್ನು ನೀವುಂಟು, ನಿಮ್ಮ ಮಗಳುಂಟು. ನನಗೆ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ."

ಹೀಗಾಗಿ ಐವತ್ತರ ಹತ್ತಿರದ ಸಿವಿಲ್ ಎಂಜಿನಿಯರ್ ಆದ ನಾನು ದಿನಾ ಮ್ಯಾನ್‌ಹ್ಯಾಟನ್‌ಗೆ ಕೆಲಸಕ್ಕೆ ಹೋಗಿಬರುವ ರೈಲಿನಲ್ಲಿ ಕೂತು ಗುಂಡಿಯ ತೂತಿನ ಅಂಚು ಹೊಲಿದೆ. ಇಪ್ಪತ್ತಕ್ಕೂ ಹೆಚ್ಚು ತೂತುಗಳು. ಅದೂ ಕೆಂಪು ಕೋಟು. ಉಳಿದವರದೆಲ್ಲ ನೀಲಿ ಕೋಟು, ಕೆಂಪು ಪಟ್ಟಿ. ಡ್ರಮ್ಮರುಗಳದು ಉಲ್ಟಾ, ಕೆಂಪು ಕೋಟು, ನೀಲಿ ಪಟ್ಟಿ. ಯಾಕೆ ಎಂದು ಪ್ಲಂಬರ್ ಅಜ್ಜನನ್ನು ಕೇಳಿದೆ. ಹೊಗೆಯ ನಡುವೆ ಡ್ರಮ್ಮರ್ ಎಲ್ಲಿದ್ದಾನೆಂದು ಅಧಿಕಾರಿಗೆ ತಕ್ಷಣ ಕಾಣಬೇಕಲ್ಲ, ಅದಕ್ಕೆ ಎಂದರು.

"ಅಧಿಕಾರಿಗೆ ಕಂಡರೆ ವೈರಿಗೂ ಕಾಣುತ್ತದಲ್ಲ?"

"ಕಾಣುತ್ತದೆ," ಎಂದರು ಅವರು, ಡ್ರಮ್ಮಿನ ಹಗ್ಗ ಬಿಗಿಯುತ್ತ.

ಇಡೀ ಸಾಲಿನಲ್ಲಿ ಎದ್ದು ಕಾಣುವ ಬಟ್ಟೆಯನ್ನು ಕೈಯಲ್ಲಿ ಬಂದೂಕಿಲ್ಲದ ಮಗುವಿಗೆ ತೊಡಿಸಿದವರ ಬುದ್ಧಿಗೆ ಏನೆನ್ನಬೇಕೋ ತಿಳಿಯದೆ ಮತ್ತೆ ಹೊಲಿಗೆಗೆ ಕೂತೆ.

ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಅವ್ವ ಬಂದಳು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಬಂದ ವಾರದಲ್ಲೇ ಮೊಮ್ಮಗಳು ಕಿವಿಯ ಬೆಂಡೋಲೆ ಬಿಚ್ಚಿಟ್ಟು ಕೆಂಪು ಕೋಟು ತೊಟ್ಟು ನಿಂತದ್ದನ್ನು ನೋಡಿದಳು.

"ಹೆಣ್ಣಹುಡುಗಿ ಬರೇ ಕಿವೀಲೆ ಅಡ್ಡಾಡತೈತಿ. ನಿನಗ ಕಣ್ಣ ಕಾಣಂಗಿಲ್ಲೇನು?" ಎಂದು ನನ್ನನ್ನೇ ಬೈದಳು.

"ಅವ್ವಾ, ಅಲ್ಲಿ ಹುಡುಗ ಅಂತ ಕಾಣಬೇಕಂತ. ರೂಲ್ ಐತಿ."

"ಹಂಗಾದ್ರ ಈ ಜಡಿ ಏನ್ ಮಾಡ್ತೀರಿ? ಕತ್ತರಿಸ್ತೀರೇನು?"

ಜಡೆಯ ಚಿಂತೆ ನನಗೂ ಇತ್ತು. ಸೊಂಟಕ್ಕೆ ಮುಟ್ಟುವ ಕೂದಲು. ಆದರೆ ಭೂತಗನ್ನಡಿಯ ಹೆಂಗಸು ಆ ಜಡೆಯನ್ನು ಕೈಯಲ್ಲಿ ಹಿಡಿದು ನೋಡಿ ಮೊದಲ ಸಲ ನಕ್ಕರು. ಆ ಕಾಲದ ಗಂಡಸರೂ ಕೂದಲು ಬಿಟ್ಟು ಹಿಂದೆ ಕಟ್ಟುತ್ತಿದ್ದರಂತೆ. ಸ್ವಲ್ಪ ಮಡಿಚಿ ಕಪ್ಪು ರಿಬ್ಬನ್ ಕಟ್ಟಿದರೆ ಸಾಕು ಎಂದರು. ನಾವು ಕೊಂಡೊಯ್ದದ್ದರಲ್ಲಿ ಒಂದೇ ಸಲಕ್ಕೆ ಪಾಸಾದದ್ದು ಅದೊಂದೇ. ಅವ್ವನಿಗೆ ಅದನ್ನು ಹೇಳಿದಾಗ ಅವಳು ಖುಷಿಯಾಗಿ, ಅಂದಿನಿಂದ ಪ್ರತಿ ಶಿಬಿರಕ್ಕೂ ತಾನೇ ಎಣ್ಣೆ ಹಚ್ಚಿ ಹೆಣೆದು, ಜಡೆಯ ಹಿಂದೆಯೇ ತಾನೂ ಕಾರು ಹತ್ತತೊಡಗಿದಳು.

ಆ ಬೇಸಿಗೆಯಲ್ಲಿ ನಾಲ್ಕು ಶಿಬಿರಗಳಾದವು. ಮರದ ಕೆಳಗೆ ಬಿಳಿ ಡೇರೆ, ಒಲೆ, ಬಂದೂಕಿನ ಕವಾಯತು. ನೋಡಲು ಬಂದವರು ಶಿಬಿರದ ಸುತ್ತ ಕಟ್ಟಿದ ಹಗ್ಗದ ಈಚೆ ಮಡಿಚುವ ಕುರ್ಚಿಗಳಲ್ಲಿ ಕೂರಬೇಕು. ನಾವೂ ಅಲ್ಲೇ. ಬಿಸಿಲಿಗೆ ಉಣ್ಣೆಯ ಕೋಟಿನಲ್ಲಿ ಬೆಂದು ಕೆಂಪಾದ ಮಗಳಿಗೆ ನೀರು ಕೊಡಬೇಕೆಂದರೂ ತಗಡಿನ ಲೋಟಕ್ಕೆ ಸುರಿದು, ಬಾಟಲಿ ಬಚ್ಚಿಟ್ಟು, ವೇಷ ತೊಟ್ಟ ಒಬ್ಬರ ಕೈಯಲ್ಲಿ ಕಳಿಸಬೇಕು. ಒಮ್ಮೆ ನಾನೇ ಹಗ್ಗದ ಕೆಳಗೆ ನುಸುಳಿದ್ದಕ್ಕೆ ಸಾರ್ಜೆಂಟ್ ಪಾತ್ರದವರು ಬಂದು, "ಸರ್, ನಿಮ್ಮ ಪೋಲೋ ಶರ್ಟು" ಎಂದು ಕಿವಿಯಲ್ಲಿ ಹೇಳಿದರು. ಅವರು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಯಾವ ಪ್ರಶ್ನೆ ಕೇಳಿದರೂ ಅರ್ಧ ಗಂಟೆ ಉತ್ತರ. ನಾನು ಅವಮಾನ ನುಂಗಿಕೊಂಡು ಕುರ್ಚಿಗೆ ಮರಳಿದೆ. ಆಮೇಲೆ ಸೆಪ್ಟೆಂಬರಿನವರೆಗೆ ಆ ಹಗ್ಗ ದಾಟಲಿಲ್ಲ.

ಸೆಪ್ಟೆಂಬರಿನ ಶಿಬಿರದಲ್ಲಿ ಮಧ್ಯಾಹ್ನ ಮೂರಕ್ಕೆ ಹೊಸದೊಂದು ಕಾರ್ಯಕ್ರಮವಿತ್ತು. ಸೈನ್ಯದ ಶಿಕ್ಷೆಯ ಪ್ರದರ್ಶನ. ಕಾವಲಿನಲ್ಲಿ ನಿದ್ದೆ ಮಾಡಿದ ಸೈನಿಕನ ಪಾತ್ರ ನಮ್ಮ ಪ್ಲಂಬರ್ ಅಜ್ಜನದು. ಅವರ ಅಂಗಿ ಬಿಚ್ಚಿಸಿ, ಒಂದು ದಪ್ಪ ಮರ ತಬ್ಬಿಸಿ, ಕೈ ಕಟ್ಟಿದರು. ಅವರು ಜನರ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಎಲ್ಲರೂ ನಕ್ಕರು. ಸಾರ್ಜೆಂಟ್ ಕಾಗದ ಹಿಡಿದು ಶಿಕ್ಷೆ ಓದಿ, ಆ ಕಾಲದ ಸೈನ್ಯದಲ್ಲಿ ಚಾಟಿಯೇಟು ಕೊಡುತ್ತಿದ್ದವರು ಡ್ರಮ್ಮರುಗಳೇ ಎಂದು ವಿವರಿಸಿದರು. ಮೆಲ್ಲಗೆ ಹೊಡೆದ ಡ್ರಮ್ಮರನಿಗೆ ಹಿಂದೆ ನಿಂತವರ ಬೆತ್ತದ ಏಟು ಬೀಳುತ್ತಿತ್ತು ಎಂದೂ ಹೇಳಿದರು. ಆ ಪಾತ್ರ ಮಾಡಬೇಕಿದ್ದ ಹದಿನೇಳು ವರ್ಷದ ಹುಡುಗನಿಗೆ ಅಂದು ಏನೋ ಪರೀಕ್ಷೆ, ಬಂದಿರಲಿಲ್ಲ. ಸಾರ್ಜೆಂಟ್ ಸುತ್ತ ನೋಡಿ ಚಾಟಿಯನ್ನು ನನ್ನ ಮಗಳ ಕೈಗೆ ಕೊಟ್ಟರು.

ಮೆತ್ತನೆಯ ಹತ್ತಿನೂಲಿನ ಚಾಟಿ ಅದು. ಬಿದ್ದರೂ ನೋಯುವಂಥದಲ್ಲ. ಆದರೆ ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಮ್ಮನ್ನೂ ಯಾರೂ ಮುಂಚೆ ಕೇಳಿರಲಿಲ್ಲ.

ಅವಳು ಡ್ರಮ್ ಕೆಳಗಿಟ್ಟು ಮರದ ಹತ್ತಿರ ಹೋದಳು. ಅಜ್ಜನ ಬೆನ್ನು ನೋಡಿದಳು. ಮುದುಕರ ಬೆನ್ನು, ಬೆಳ್ಳಗೆ, ಅಲ್ಲಲ್ಲಿ ಮಚ್ಚೆಗಳು, ಎಡಗಡೆ ಯಾವುದೋ ಹಳೆಯ ಆಪರೇಷನ್ನಿನ ಗುರುತು. ನಿಂತೇ ನಿಂತಳು.

"ಡ್ರಮ್ಮರ್, ನಿನ್ನ ಕರ್ತವ್ಯ ಮಾಡು," ಎಂದು ಸಾರ್ಜೆಂಟ್ ಇಂಗ್ಲಿಷಿನಲ್ಲಿ ಗದರಿದರು.

ಅವಳ ಕೈ ಏಳಲಿಲ್ಲ. ಜನ ಮತ್ತೆ ನಕ್ಕರು. ಹಿಂದಿನ ಸಾಲಿನಿಂದ ಯಾರೋ, ಹೊಡಿ ಮರಿ ಎಂದು ಕೂಗಿದರು. ಸಾರ್ಜೆಂಟ್ ಪಾತ್ರದಲ್ಲಿ ಇನ್ನಷ್ಟು ಮುಳುಗಿ ಅವಳ ಹಿಂದೆ ಹೋಗಿ ನಿಂತು, ಆಜ್ಞೆ ಮೀರಿದ ಹುಡುಗನಿಗೇ ಇವತ್ತು ಏಟು ಎಂದು ಬೆತ್ತ ಎತ್ತಿದರು.

ಆಗ ನಾನು ಏನು ಮಾಡುತ್ತಿದ್ದೆ ಎನ್ನುವುದನ್ನು ಹೇಳಬೇಕು. ಕುರ್ಚಿಯ ತುದಿಗೆ ಬಂದಿದ್ದೆ. ಇದು ನಾಟಕ, ಬೆತ್ತ ಬೀಳುವುದಿಲ್ಲ, ನಡುವೆ ಹೋದರೆ ಕಾರ್ಯಕ್ರಮ ಕೆಡುತ್ತದೆ, ಮಗಳಿಗೆ ನಾಚಿಕೆಯಾಗುತ್ತದೆ ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ. ನಾನು ತೊಟ್ಟಿದ್ದ ಪೋಲೋ ಶರ್ಟು ಕೂಡ ಆ ಲೆಕ್ಕದಲ್ಲಿ ಇತ್ತು ಎನ್ನುವುದನ್ನು ನೆನೆದರೆ ನನ್ನ ಮೇಲೆ ನನಗೇ ರೇಗುತ್ತದೆ.

ಅವ್ವ ಲೆಕ್ಕ ಹಾಕಲಿಲ್ಲ. ಹಗ್ಗ ಎತ್ತಿ, ಬಗ್ಗಿ, ಇಳಕಲ್ ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು, ಕಾಲಲ್ಲಿ ವಾಕಿಂಗ್ ಶೂ, ನೆಟ್ಟಗೆ ಮರದ ಹತ್ತಿರ ನಡೆದಳು. ಮೊಮ್ಮಗಳ ಕೈಯಿಂದ ಚಾಟಿ ಕಸಿದುಕೊಂಡು ಸಾರ್ಜೆಂಟರ ಎದೆಗೆ ಒತ್ತಿದಳು.

"ಬಡಿಗಿ ಕೆಳಗಿಡು," ಎಂದಳು, ಶಾಲೆಯ ದನಿಯಲ್ಲಿ. "ನೀ ಸಾಲಿ ಮಾಸ್ತರ ಅಂತ. ನಾನೂ ಸಾಲಿ ಟೀಚರಽ ಇದ್ದೆ. ಕೂಸಿನ ಕೈಲೆ ಹೊಡಸ್ತೀ?"

ಅವರಿಗೆ ಕನ್ನಡ ಬರುವುದಿಲ್ಲ, ಆದರೂ ಬೆತ್ತ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಭಾಗ ಎಂದೇ ಅವರು ತಿಳಿದಿದ್ದರು. ಒಬ್ಬರು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು. ಆಗ ನಾನೂ ಹಗ್ಗ ದಾಟಿ ಓಡಿದೆ, ಯಾರಿಗೂ ಬೇಡವಾದ ಹೊತ್ತಿನಲ್ಲಿ.

ಮುಂದಿನ ಹತ್ತು ನಿಮಿಷ ಸಾರ್ಜೆಂಟ್ ನನ್ನ ಕ್ಷಮೆ ಕೇಳಿದರು. ಕ್ಷಮೆಯೂ ಪಾಠದ ಥರವೇ ಇತ್ತು. ಪಾತ್ರದಲ್ಲಿ ಮೈಮರೆತೆ ಎಂದರು, ಚಾಟಿ ನೂಲಿನದು ಎಂದರು, ಇತಿಹಾಸದ ಅಹಿತಕರ ಸಂಗತಿಗಳನ್ನು ಮುಚ್ಚಿಡಬಾರದು ಎಂದರು. ನನಗೆ ಒಂದು ವಾಕ್ಯ ಸಾಕಿತ್ತು. ನಾವಿಬ್ಬರೂ ಹೀಗೆ ಮಾತಾಡುತ್ತಿರುವಾಗ ಹಿಂದಿನಿಂದ ಮೆಲ್ಲನೆಯ ದನಿ ಕೇಳಿಸಿತು. "ಯಾರಾದರೂ ನನ್ನ ಕೈ ಬಿಚ್ಚುತ್ತೀರಾ?" ಪ್ಲಂಬರ್ ಅಜ್ಜ ಇನ್ನೂ ಮರ ತಬ್ಬಿಕೊಂಡೇ ನಿಂತಿದ್ದರು. ಗಂಟು ಬಿಗಿದಿತ್ತು. ಬಿಚ್ಚಿದವಳು ನನ್ನ ಮಗಳು. ಅವಳು ಯಾರ ಮುಖವನ್ನೂ ನೋಡಲಿಲ್ಲ.

ಕಾರು ಟರ್ನ್‌ಪೈಕ್ ಸೇರಿತು. ಆಮೇಲೆ ಹಿಂದಿನ ಸೀಟಿನಿಂದ ಅಳು. ಭಯದ ಅಳು ಎಂದುಕೊಂಡು ನಾನು, "ಆಯ್ತು ಪುಟ್ಟಾ, ಇನ್ನು ಅಲ್ಲಿಗೆ ಹೋಗೋದು ಬೇಡ" ಎಂದೆ.

"ಐ ವಾಸ್ ಗೋಯಿಂಗ್ ಟು ಸೇ ನೋ," ಎಂದಳು ಅವಳು ಬಿಕ್ಕುತ್ತ. "ಹೇಳೋದರಲ್ಲಿದ್ದೆ ಅಪ್ಪಾ. ಬಾಯಿಗೆ ಬಂದಿತ್ತು. ನೋಬಡಿ ವೇಟೆಡ್. ಅಜ್ಜಿ ಬಂದ್ಬಿಟ್ರು. ನೀನೂ ಬಂದೆ. ಈಗ ಎಲ್ಲರೂ ನಾನು ಹೆದರಿದೆ ಅಂದ್ಕೊಂಡಿದಾರೆ."

ಕನ್ನಡಿಯಲ್ಲಿ ಅವ್ವನ ಮುಖ ನೋಡಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಕಿಟಕಿಯ ಕಡೆ ನೋಡುತ್ತ ಮಾತು ಶುರು ಮಾಡಿದಳು.

"ನಾ ಸಾಲಿಗೆ ಹೊಸದಾಗಿ ಹೋದಾಗಿನ ಮಾತಿದು. ಲೆಕ್ಕ ತಪ್ಪಿದ ಹುಡುಗೂರಿಗೆ, ಲೆಕ್ಕ ಬಂದವರ ಕೈಲೆ ಹೊಡಸ್ತಿದ್ವಿ. ಮೂಗ ಹಿಡದು ಕಪಾಳಕ್ಕ ಹೊಡೀಬೇಕು. ಎಲ್ಲಾ ಮಾಸ್ತರೂ ಮಾಡ್ತಿದ್ರು, ನಾನೂ ಮಾಡ್ತಿದ್ದೆ. ಒಬ್ಬಾಕಿ ಭಾಳ ಶಾಣ್ಯಾ ಇದ್ಲು. ಆಕಿ ಅಣ್ಣ ನಪಾಸಾಗಿ ಅದಽ ಕ್ಲಾಸಿನ್ಯಾಗ ಕುಂತಿದ್ದ. ಒಂದಿನ ಅವಗ ಲೆಕ್ಕ ಬರಲಿಲ್ಲ. ನಾ ಆಕೀನ್ನಽ ಎಬ್ಬಿಸಿದೆ. ಆಕಿ ಮೆತ್ತಗ ಹೊಡದ್ಲು. ಹಂಗಲ್ಲ ಅಂತ ನಾ ಆಕಿಗೆ ಹೊಡದು ತೋರಿಸಿದೆ."

ನಮ್ಮೂರ ಕಡೆಯ ಅಂಥದೇ ಶಾಲೆಯಲ್ಲಿ ನಾನೂ ಓದಿದ್ದೆ. ನಾನೂ ಹಾಗೆ ಮೂಗು ಹಿಡಿದು ಹೊಡೆದಿದ್ದೆ, ಹೊಡೆಸಿಕೊಂಡಿದ್ದೆ. ಅವ್ವ ಹೀಗೆ ಒಮ್ಮೆಯೂ ಅದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಗಳು ಅಳು ನಿಲ್ಲಿಸಿದ್ದಳು. "ಆಮೇಲೆ? ಹಿ ಕ್ರೈಡ್?"

"ಅವ ಅಳಲಿಲ್ಲ. ಆಕಿ ಅತ್ಲು. ಮರುದಿನದಿಂದ ಲೆಕ್ಕ ಬಂದ್ರೂ ಬರಂಗಿಲ್ಲ ಅಂತ ಹೇಳಾಕ ಹತ್ತಿದ್ಲು. ಆಕಿಗೆ ಬರ್ತಿತ್ತು. ನನಗ ಗೊತ್ತಿತ್ತು." ಮೊಮ್ಮಗಳ ಕೈ ಹಿಡಿದುಕೊಂಡಳು. "ನೀ ಇಲ್ಲ ಅನ್ನಾಕಿ ಇದ್ದಿ ಅಂತ ನನಗ ತಿಳೀಲಿಲ್ಲವ್ವಾ. ನಿಂದ್ರಬೇಕಿತ್ತು ನಾ."

ಅಪಘಾತವಾಗಿ ಸೇತುವೆಯ ಒಂದು ಲೇನ್ ಮುಚ್ಚಿದ್ದರಿಂದ ಅಂದು ಮನೆ ಸೇರಲು ಎರಡೂಮುಕ್ಕಾಲು ಗಂಟೆ ಹಿಡಿಯಿತು.

ಅಲ್ಲಿಗೆ ಮುಗಿಯಿತು ಎಂದು ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದ್ದೆವು. ಆದರೆ ಎರಡು ವಾರದ ಮೇಲೆ ಗುಂಪಿನವರು ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಕರೆದರು. ಮಗಳು ಹೋಗಲೇಬೇಕೆಂದು ಹಟ ಹಿಡಿದಳು. ಹೋದೆವು. ಅಲ್ಲಿ ಮೊದಲು ಮಾತಾಡಿದವನು ನಾನು. ಪಾಲಕರ ಒಪ್ಪಿಗೆ, ಜವಾಬ್ದಾರಿ, ಮಕ್ಕಳ ಸುರಕ್ಷತೆ ಎಂದೇನೇನೋ ಆಫೀಸಿನ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ತಲೆದೂಗಿ, ಕಾಫಿ ಕುಡಿದರು. ಸಾರ್ಜೆಂಟ್ ಎದ್ದು ಇತಿಹಾಸವನ್ನು ಇದ್ದಂತೆಯೇ ತೋರಿಸಬೇಕು ಎಂದು ಮತ್ತೆ ಶುರುಮಾಡಿದರು.

ಆಗ ಮಗಳು ಕೈ ಎತ್ತಿದಳು. ಕ್ಲಾಸಿನಲ್ಲಿ ಎತ್ತುವ ಹಾಗೆ. ಅವಳು ಹೇಳಿದ್ದು ಇಷ್ಟು. ಆ ಕಾಲದ ಹುಡುಗನಿಗೆ ಇಲ್ಲ ಎನ್ನಲು ಆಗುತ್ತಿರಲಿಲ್ಲ. ಅದನ್ನು ಜನರಿಗೆ ಹೇಳಿ. ನನ್ನಿಂದ ಮಾಡಿಸಿದರೆ ಅವರಿಗೆ ಅದು ಗೊತ್ತಾಗುವುದಿಲ್ಲ, ಅವರು ನಗುತ್ತಾರೆ. ಅವತ್ತು ನಕ್ಕರು.

ಮೊದಲು ಹೌದು ಎಂದವರು ಭೂತಗನ್ನಡಿಯ ಹೆಂಗಸು. ನಕ್ಕವರಲ್ಲಿ ನಾನೂ ಒಬ್ಬಳು ಎಂದರು. ಪ್ಲಂಬರ್ ಅಜ್ಜ, ನಾನು ಕಣ್ಣು ಮಿಟುಕಿಸಬಾರದಿತ್ತು ಎಂದರು. ಸಾರ್ಜೆಂಟ್ ಬಹಳ ಹೊತ್ತು ಸುಮ್ಮನೆ ಕೂತರು. ಅವರು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೊನೆಗೆ ಶಿಕ್ಷೆಯ ಪ್ರದರ್ಶನದಲ್ಲಿ ಮಕ್ಕಳು ಇರಕೂಡದು ಎಂದಾಯಿತು. ಚಾಟಿ ಹಿಡಿಯುವವನು ದೊಡ್ಡವನೇ ಆಗಬೇಕು. ಆದರೆ ಶುರುವಾಗುವ ಮುಂಚೆ ಒಬ್ಬರು ನಿಂತು ಇದು ಯಾರ ಕೆಲಸವಾಗಿತ್ತು ಎಂದು ಜನರಿಗೆ ತಿಳಿಸಬೇಕು.

"ನಾನು ಹೇಳ್ತೀನಿ," ಎಂದಳು ಮಗಳು.

ಅವ್ವ ಆರು ತಿಂಗಳು ಮುಗಿಸಿ ಹುಬ್ಬಳ್ಳಿಗೆ ಹೊರಟುಹೋದಳು. ಹೋಗುವ ಮುಂಚೆ ಹೆಂಡತಿಗೆ ಜಡೆ ಬಿಗಿಯಾಗಿ ಹೆಣೆಯುವುದನ್ನು ಎರಡು ಸಲ ತೋರಿಸಿಕೊಟ್ಟಳು. ನಮ್ಮ ಮನೆಯ ಜಡೆ ಸಡಿಲ ಎಂಬುದು ಅವಳ ಖಾಯಂ ದೂರು.

ಮರುವರ್ಷ ಏಪ್ರಿಲಿನ ಶಿಬಿರದಲ್ಲಿ ಮಗಳು ಕೆಂಪು ಕೋಟು ತೊಟ್ಟು ಜನರ ಮುಂದೆ ನಿಂತಳು. ಕೋಟಿನ ತೋಳು ಆಗಲೇ ಗಿಡ್ಡವಾಗಿತ್ತು. "ನನಗೆ ಹನ್ನೆರಡು ವರ್ಷ," ಎಂದು ಶುರುಮಾಡಿದಳು. "ನನ್ನ ಕೆಲಸ ಡ್ರಮ್ ಬಾರಿಸುವುದು ಅಂತ ನೀವು ತಿಳಿದಿದ್ದೀರಿ. ನನಗೆ ಇನ್ನೊಂದು ಕೆಲಸವಿತ್ತು." ಹಿಂದೆ ಮರಕ್ಕೆ ಕಟ್ಟಿದ ಪ್ಲಂಬರ್ ಅಜ್ಜ ತಲೆ ತಗ್ಗಿಸಿ ನಿಂತಿದ್ದರು. ನೂಲಿನ ಚಾಟಿ ಬೀಳತೊಡಗಿದಾಗ ಅವಳು ಪಕ್ಕದಲ್ಲಿ ನಿಂತು ಒಂದೊಂದು ಏಟನ್ನೂ ಡ್ರಮ್ಮಿನ ಮೇಲೆ ಬಾರಿಸಿದಳು. ಹದಿನೈದು. ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿದ್ದ ಒಂದು ಚಿಕ್ಕ ಮಗು ಅಮ್ಮನ ತೊಡೆಯಲ್ಲಿ ಮುಖ ಮುಚ್ಚಿಕೊಂಡಿತು. ಅಮ್ಮ ಎದ್ದು ಅದನ್ನು ಎತ್ತಿಕೊಂಡು ಹೊರಟಳು, ಇಂಥದನ್ನೆಲ್ಲ ಮಕ್ಕಳಿಗೆ ಯಾಕೆ ತೋರಿಸುತ್ತಾರೋ ಎಂದು ಗೊಣಗುತ್ತ.

ಕಾರ್ಯಕ್ರಮ ಮುಗಿದ ಮೇಲೆ ಮಗಳು ಹಗ್ಗದ ಹತ್ತಿರ ಬಂದಳು. ಕುತ್ತಿಗೆಯೆಲ್ಲ ಬೆವರು. ಚೆನ್ನಾಗಿ ಹೇಳಿದೆ ಎಂದೆ. ಅವಳು ತೋಳು ಮುಂದೆ ಚಾಚಿ ತೋರಿಸಿದಳು.

"ಅಪ್ಪಾ, ಇದು ಟೈಟ್ ಆಗ್ತಿದೆ. ಹೊಸದು ಹೊಲೀಬೇಕಂತೆ. ನಿನ್ನ ಬಟನ್‌ಹೋಲ್ಸ್ ಈಸಲ ಇನ್ನೂ ಹತ್ತಿರ ಹತ್ತಿರ ಇರಬೇಕು ಅಂತ ಭೂತಗನ್ನಡಿ ಆಂಟಿ ಹೇಳಿದ್ರು."

ದೂರದಲ್ಲಿ ಡೇರೆಯ ಮುಂದೆ ನಿಂತಿದ್ದ ಭೂತಗನ್ನಡಿಯ ಹೆಂಗಸು ನನ್ನ ಕಡೆ ಕೈ ಬೀಸಿದರು. ಸೋಮವಾರದ ರೈಲಿಗೆ ದಾರದ ಉಂಡೆ ತೆಗೆದುಕೊಂಡು ಹೋದೆ.